ಅಲುಗದ ತೋಳು

ವಾಲಿಬಾಲಿನಲ್ಲಿ ಒಂದು ಕಡೆಯವರು ಚೆಂಡನ್ನು ಮೂರು ಸಲ ಮುಟ್ಟಬಹುದು. ಮೊದಲನೆಯ ಸಲ, ಎದುರಿನವರು ಹೊಡೆದದ್ದನ್ನು ತಡೆಯುವುದು. ಮೂರನೆಯ ಸಲ, ತಿರುಗಿ ಹೊಡೆಯುವುದು. ನಡುವಿನದು ನನ್ನದಾಗಿತ್ತು. ಆ ಜಾಗದಲ್ಲಿ ಆಡುವವನನ್ನು ನಮ್ಮ ಕಡೆ ಲಿಫ್ಟರ್ ಅನ್ನುತ್ತಾರೆ. ನೆಟ್ಟಿನ ಹತ್ತಿರ ನಿಂತು, ಬಂದ ಚೆಂಡನ್ನು ಹತ್ತು ಬೆರಳಿನ ತುದಿಯಿಂದ ಮೇಲೆತ್ತಿ, ಹೊಡೆಯುವವನಿಗೆ ಬೇಕಾದ ಎತ್ತರದಲ್ಲಿ ಇಟ್ಟುಕೊಡಬೇಕು. ಯಾರಿಗೆ ಕೊಡಬೇಕು ಎಂದು ನಿರ್ಧರಿಸುವವನೂ ಅವನೇ. ಆಟ ಅವನ ಕೈಯಲ್ಲಿರುತ್ತದೆ. ಚಪ್ಪಾಳೆ ಮಾತ್ರ ಹೊಡೆದವನಿಗೆ ಹೋಗುತ್ತದೆ.

ನಾನು ಹನ್ನೊಂದು ವರ್ಷ ಶಹಾಬಾದಿನ ಒಂದು ತಂಡಕ್ಕೆ ಲಿಫ್ಟರ್ ಆಗಿದ್ದೆ. ಎಡಗೈಯ ಎರಡು ಬೆರಳಿನ ಸ್ಪರ್ಶ ಹೋದ ಮೇಲೆ ಬಿಟ್ಟೆ. ಬೆರಳು ಮುರಿದು ಬಿಟ್ಟನೆಂದು ಊರಿನವರು ತಿಳಿದಿದ್ದಾರೆ. ಅದು ನಿಜವಲ್ಲ. ನನಗೆ ಕುಷ್ಠರೋಗ ಬಂದಿತ್ತು. ವಾಸಿಯಾಯಿತು. ಇದು ಗೊತ್ತಿದ್ದದ್ದು ಅಪ್ಪ, ಅವ್ವ ಮತ್ತು ನನ್ನ ಹೆಂಡತಿ ಇಂದಿರಾ ಇವರಿಗೆ. ಗೊತ್ತಾಗಬೇಕಾಗಿದ್ದ ಇನ್ನೊಬ್ಬರಿದ್ದರು, ಇಂದಿರಾಳ ತಂದೆ. ಅವರು ನನ್ನ ತೋಳನ್ನು ನೋಡಿ ಮಗಳನ್ನು ಕೊಟ್ಟವರು. ಅವರಿಗೆ ಒಂಬತ್ತು ವರ್ಷ ಯಾರೂ ಹೇಳಲಿಲ್ಲ.

ಇಂದಿರಾ ಈಗ ಇಲ್ಲ. ಹೇಳುವ ಕೆಲಸ ನನ್ನ ಮೇಲೆ ಉಳಿಯಿತು.

ಮೊದಲು ಹೋದದ್ದು ಆಟ. ಅಲ್ಲಿಂದ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಶಹಾಬಾದಿನಲ್ಲಿ ನಮ್ಮ ಮನೆ. ಅಪ್ಪ ನಿವೃತ್ತ ಸಂಸ್ಕೃತ ಮಾಸ್ತರರು, ಬೆಳಿಗ್ಗೆ ಗುಡಿಯ ಪೂಜೆಯನ್ನೂ ಮಾಡುತ್ತಿದ್ದರು. ನಾನು ವಾಡಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಐದೂವರೆಗೆ ಮೈದಾನದಲ್ಲಿ ಇರುತ್ತಿದ್ದೆ. ನಮ್ಮ ತಂಡದ ಶೂಟರ್ ಖಾಜಾ. ಶೂಟರ್ ಅಂದರೆ ಮೂರನೆಯ ಸಲ ಮುಟ್ಟಿ ಹೊಡೆಯುವವನು. ಖಾಜಾ ಫರಸಿ ಕಲ್ಲಿನ ಪಾಲಿಶ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಮೈದಾನಕ್ಕೆ ಬರುವಾಗ ಅವನ ಹುಬ್ಬು, ರೆಪ್ಪೆ ಎಲ್ಲ ಬೂದು ಬಣ್ಣವಾಗಿರುತ್ತಿದ್ದವು. ನನ್ನನ್ನು ಅವನು ಒಮ್ಮೆಯೂ ಶ್ರೀಧರ ಎಂದು ಕರೆದವನಲ್ಲ. ಆಚಾರಿ ಅನ್ನುತ್ತಿದ್ದ.

ಭಂಕೂರಿನ ಟೂರ್ನಮೆಂಟಿನಲ್ಲಿ ಗೆದ್ದಾಗ ಮೊದಲ ಬಹುಮಾನ ಒಂದು ಟಗರು. ಖಾಜಾ ಅದರ ಹಗ್ಗ ತಂದು ನನ್ನ ಕೈಗೆ ಕೊಟ್ಟ.

"ಹಿಡಿ ಆಚಾರಿ. ಲಿಫ್ಟ್ ನಿಂದು, ಟಗರೂ ನಿಂದು. ಮನಿಗಿ ಹೊಡಕೊಂಡು ಹೋಗು. ನಿಮ್ಮಪ್ಪಗ ಹೇಳು, ನೈವೇದ್ಯಕ್ಕ ತಂದೀನಂತ."

"ನಿನ್ನ ಬಾಯಾಗ ಮಣ್ಣು ಬೀಳಲಿ."

"ಮಣ್ಣು ದಿನಾ ಬೀಳ್ತದ. ಟಗರು ಇವತ್ತ ಬೀಳ್ಲಿ."

ನಾನು ನಡೆದೇ ಮನೆಗೆ ಬಂದೆ, ಟಗರನ್ನು ತಂಡದವರು ಒಯ್ದರು. ಮರುದಿನ ನನ್ನ ಪಾಲು ಎಂದು ಒಂದು ಚೀಲ ಬಾಳೆಹಣ್ಣು ಕಳಿಸಿದ್ದರು.

ಲಿಫ್ಟರ್‌ನ ದೊಡ್ಡ ತಪ್ಪು ಡಬಲ್. ಚೆಂಡು ಎರಡೂ ಕೈಗೆ ಒಟ್ಟಿಗೆ ತಾಗಬೇಕು, ಒಟ್ಟಿಗೆ ಬಿಡಬೇಕು. ಒಂದು ಕೈ ಒಂದು ಚೂರು ತಡಮಾಡಿದರೂ ಚೆಂಡು ತಿರುಗುತ್ತ ಮೇಲೇಳುತ್ತದೆ. ರೆಫ್ರಿ ಸೀಟಿ ಊದಿ ಎರಡು ಬೆರಳು ತೋರಿಸುತ್ತಾರೆ, ಪಾಯಿಂಟ್ ಹೋಗುತ್ತದೆ. ನನಗೆ ವರ್ಷಕ್ಕೆ ಒಂದೋ ಎರಡೋ ಡಬಲ್ ಆಗುತ್ತಿದ್ದವು. ಆ ಚಳಿಗಾಲ ಕೋಡ್ಲಾದಲ್ಲಿ ಒಂದೇ ಮ್ಯಾಚಿನಲ್ಲಿ ನಾಲ್ಕು ಆದವು.

"ಏನಾಗ್ಯಾದ ನಿನಗ? ಚೆಂಡಿಗಿ ಗಿರಕಿ ಯಾಕ ಹೊಡಸಾಕತ್ತಿ?" ಎಂದ ಖಾಜಾ.

"ಕಿರುಬೆರಳಿಗೆ ಜೋಮು ಹಿಡದದ."

"ಜೋಮು ಬಿಡಿಸ್ಕೊಂಡು ಬಾ."

ಅದೇ ಮ್ಯಾಚಿನಲ್ಲಿ ಬ್ಲಾಕ್ ಮಾಡಲು, ಅಂದರೆ ಎದುರಿನವರ ಹೊಡೆತಕ್ಕೆ ನೆಟ್ಟಿನ ಮೇಲೆ ಕೈ ಅಡ್ಡ ಹಿಡಿಯಲು, ಹಾರಿದಾಗ ಕಿರುಬೆರಳು ಹಿಂದಕ್ಕೆ ಮಡಚಿತ್ತು. ಆದ್ದರಿಂದ ಎಲ್ಲರೂ, ನಾನೂ ಸಹ, ಇದು ಚೆಂಡಿನ ಪೆಟ್ಟು ಎಂದೇ ತಿಳಿದೆವು. ಭಂಕೂರಿನಲ್ಲಿ ಎಣ್ಣೆ ತಿಕ್ಕಿ ಕಟ್ಟುವ ಒಬ್ಬ ಮುದುಕ ಇದ್ದ. ಅವನ ಹತ್ತಿರ ಐದು ವಾರ ಹೋದೆ. ಅವನು ಬೆರಳನ್ನು ಎಳೆದು ನೀವುವಾಗ ಬೇರೆಯವರು ಚೀರುತ್ತಿದ್ದರು. ನನಗೆ ಏನೂ ಆಗುತ್ತಿರಲಿಲ್ಲ. "ಈ ಹುಡುಗ ಗಟ್ಟಿ" ಎಂದು ಅವನು ಉಳಿದವರಿಗೆ ಹೇಳುತ್ತಿದ್ದ. ನಾನು ನಂಬಿದೆ. ಆಟಗಾರನಿಗೆ ಅಂಥ ಮಾತು ಕೇಳಲು ಹಿತವಾಗಿರುತ್ತದೆ. ನೋವಾದರೂ ಹೇಳಬಾರದು ಎಂದು ನಾವು ಎಲ್ಲರೂ ಕಲಿತಿದ್ದೆವು. ನೋವೇ ಇಲ್ಲದಿದ್ದರೆ ಏನು ಎಂದು ಯಾರೂ ಕಲಿಸಿರಲಿಲ್ಲ.

ಎಡತೋಳಿನಲ್ಲಿ, ಮೊಣಕೈಗಿಂತ ಮೇಲೆ, ಒಂದು ಮಚ್ಚೆ ಇತ್ತು. ಸುತ್ತಲಿನ ಮೈಗಿಂತ ತುಸು ಬಿಳುಪು. ಅದನ್ನು ಯಾರೂ ನೋಡಲಿಲ್ಲ. ಯಾಕೆಂದರೆ ಸರಿಯಾಗಿ ಆ ಜಾಗದಲ್ಲೇ ನಾನು ದಿನವೂ ಸ್ನಾನವಾದ ಮೇಲೆ ಗೋಪಿಚಂದನದ ಮುದ್ರೆ ಹಚ್ಚಿಕೊಳ್ಳುತ್ತಿದ್ದೆ. ನಮ್ಮ ಮನೆಗಳಲ್ಲಿ ಎಲ್ಲ ಗಂಡಸರೂ ಹಚ್ಚಿಕೊಳ್ಳುತ್ತಾರೆ. ಸಂಜೆ ಅದು ಮಾಸಿದ ಮೇಲೆ ತೋಳಿನ ಮೇಲೆ ಒಂದು ಮಸುಕಾದ ಗುರುತು ಉಳಿದಿರುತ್ತದೆ. ನನ್ನದೂ ಅಂಥದ್ದೇ ಎಂದುಕೊಂಡಿದ್ದೆ.

ಆಷಾಢದ ಏಕಾದಶಿಗೆ ಅಪ್ಪನ ಜೊತೆ ಕಾಗಿಣಾ ನದಿಯ ದಂಡೆಯ ಮಠಕ್ಕೆ ಹೋದೆ. ಅಂದು ಸ್ವಾಮಿಗಳು ತಪ್ತಮುದ್ರೆ ಹಾಕುತ್ತಾರೆ. ಲೋಹದ ಶಂಖ ಚಕ್ರಗಳನ್ನು ಹೋಮದ ಬೆಂಕಿಯಲ್ಲಿ ಕಾಯಿಸಿ ತೋಳಿಗೆ ಒತ್ತುತ್ತಾರೆ. ಒಂದು ಕ್ಷಣದ ಕೆಲಸ. ಜನ ಹಲ್ಲು ಕಚ್ಚುತ್ತಾರೆ, ತೋಳು ತಾನಾಗಿಯೇ ಹಿಂದೆ ಸರಿಯುತ್ತದೆ. ಚಿಕ್ಕವರು ಅಳುತ್ತಾರೆ. ನಾನು ಪ್ರತಿ ವರ್ಷ "ಹಾಯ್" ಎಂದು ಅಪ್ಪನಿಂದ ಬೈಸಿಕೊಳ್ಳುತ್ತಿದ್ದವನು.

ಆ ವರ್ಷ ಬಲತೋಳಿಗೆ ಚಕ್ರ ಬಿತ್ತು, ಚುರುಕ್ ಎಂದಿತು. ಎಡತೋಳಿಗೆ ಶಂಖ ಬಿತ್ತು. ಏನೂ ಅನ್ನಿಸಲಿಲ್ಲ. ತೋಳು ಸರಿಯಲಿಲ್ಲ. ನಾನು ಹಿಂದೆ ಸರಿಯದ್ದರಿಂದ ಮುದ್ರೆ ಉಳಿದವರಿಗಿಂತ ಒಂದು ಕ್ಷಣ ಹೆಚ್ಚು ಹೊತ್ತು ನಿಂತಿತು. ಅದು ಯಾರ ತಪ್ಪೂ ಅಲ್ಲ. ಎಲ್ಲರೂ ಸರಿಯುತ್ತಾರೆ ಎಂಬ ಅಂದಾಜಿನ ಮೇಲೆ ನಡೆಯುವ ಕೆಲಸ ಅದು. ನಾನು ಆಗ ಯಾವ ರೈಲಿಗೆ ತಿರುಗಿ ಹೋಗುವುದು ಎಂದು ಯೋಚಿಸುತ್ತಿದ್ದೆ.

ಸಾಲಿನಲ್ಲಿ ನನ್ನ ಹಿಂದೆ ನಿಂತವರು ಅಪ್ಪನಿಗೆ ಹೇಳಿದರು, "ಆಚಾರ್ರ, ನಿಮ್ಮ ಮಗ ಒಂದೀಟೂ ಅಲುಗಲಿಲ್ಲ ನೋಡ್ರಿ. ನಾ ಇಪ್ಪತ್ತು ವರ್ಷ ಬರ್ಲಿಕತ್ತೀನಿ, ಹಿಂಗ ನಿಂತವರನ್ನ ನೋಡಿಲ್ಲ. ಮನಸು ಹರಿ ಪಾದದ ಮ್ಯಾಲಿದ್ರ ಮೈ ಮ್ಯಾಲ ಖಬರ್ ಇರೂದಿಲ್ಲಂತಾರ. ಇದ ಅದು."

ಅಪ್ಪನ ಮುಖ ಅರಳಿತು. ಅಷ್ಟು ಸಂತೋಷ ನನ್ನ ಯಾವ ಶೀಲ್ಡಿಗೂ ಆಗಿರಲಿಲ್ಲ.

ಹೀಗೆ ಹೇಳಿದವರು ಚಿತ್ತಾಪುರದ ಹಿಂದಿ ಮಾಸ್ತರರು, ಗುಂಡೂರಾಯರು. ಹದಿನೈದು ದಿನದೊಳಗೆ ಮಗಳ ಜಾತಕ ತೆಗೆದುಕೊಂಡು ನಮ್ಮ ಮನೆಗೆ ಬಂದರು. ಕೂಡಿ ಬಂತು. ಚಾತುರ್ಮಾಸ ಮುಗಿದು ತುಳಸಿ ಲಗ್ನವಾದ ಮೇಲೆ ಮದುವೆ ಎಂದು ಮಾತಾಯಿತು.

ಮುದ್ರೆಯ ಗಾಯ ಗುಳ್ಳೆಯಾಯಿತು. ಒಡೆಯಿತು. ಶ್ರಾವಣ ಬಂದರೂ ಮಾಯಲಿಲ್ಲ. ಒಂದು ದಿನ ಅವ್ವ ಅದಕ್ಕೆ ಅರಿಶಿನ ಹಚ್ಚುತ್ತ, "ಉರೀತದೇನೋ?" ಎಂದಳು. ಇಲ್ಲ ಎಂದೆ. "ಇಷ್ಟು ತೆರದ ಗಾಯಕ್ಕ ಅರಿಶಿಣ ಹಚ್ಚಿದ್ರ ಉರಿಯೂದಿಲ್ಲಂದ್ರ ಏನು?" ಎಂದು ನನ್ನ ಮುಖ ನೋಡಿದಳು. ಭಕ್ತಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಅವ್ವ ಓದಿದವಳಲ್ಲ. ಆದರೆ ಮಠದಲ್ಲಿ ಅಷ್ಟು ಜನ ಕಂಡೂ ಕಾಣದ್ದನ್ನು ಅವಳೊಬ್ಬಳು ಕೇಳಿದಳು.

ಗುಲ್ಬರ್ಗದ ಚರ್ಮದ ಡಾಕ್ಟರು ಮೊಣಕೈಯ ಹಿಂದೆ ಬೆರಳಿಟ್ಟು ನರ ಒತ್ತಿದರು. ಅದು ಹಗ್ಗದ ಹಾಗೆ ದಪ್ಪವಾಗಿತ್ತು. ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ಮುಟ್ಟಿಸಿದ ಜಾಗವನ್ನು ತೋರಿಸು ಎಂದರು. ನಾನು ಕಣ್ಣು ಮುಚ್ಚಿ ಕಾಯುತ್ತಿದ್ದೆ. ಇನ್ನೂ ಯಾಕೆ ಮುಟ್ಟಿಸಲಿಲ್ಲ ಎಂದುಕೊಳ್ಳುವಷ್ಟು ಹೊತ್ತು ಕಳೆಯಿತು.

"ಕಣ್ಣು ತೆಗೀರಿ. ಆರು ಸಲ ಮುಟ್ಟಿಸ್ದೆ" ಎಂದರು.

ಆಮೇಲೆ ರೋಗದ ಹೆಸರು ಹೇಳಿದರು. ಆರು ತಿಂಗಳು ಗುಳಿಗೆ, ಸರ್ಕಾರದ್ದೇ ಕೊಡುತ್ತಾರೆ, ಪೂರ್ತಿ ವಾಸಿಯಾಗುತ್ತದೆ, ಮೊದಲ ಗುಳಿಗೆ ನುಂಗಿದ ಮೇಲೆ ಇನ್ನೊಬ್ಬರಿಗೆ ಹತ್ತುವುದಿಲ್ಲ, ಮನೆಯವರನ್ನೆಲ್ಲ ಒಮ್ಮೆ ಕರೆತಂದು ತೋರಿಸಿ ಎಂದರು. ಬೆರಳಿನ ಸ್ಪರ್ಶ ತಿರುಗಿ ಬರುತ್ತದೆಯೇ ಎಂದು ಕೇಳಿದೆ. ತಡವಾಗಿದೆ, ನೋಡೋಣ ಎಂದರು. "ನಾ ವಾಲಿಬಾಲ್ ಲಿಫ್ಟರ್ ಇದ್ದೀನ್ರಿ" ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. "ಆಡ್ರಿ, ತೊಂದ್ರೆ ಇಲ್ಲ" ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆ. ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದೆ. ಬಲಗೈಗೆ ಬದಲಿಸಿದಾಗ ಎಷ್ಟು ಬಿಸಿ ಇದೆ ಎಂದು ತಿಳಿಯಿತು. ಅಳು ಬರಲಿಲ್ಲ. ಹೆದರಿಕೆಯೂ ಬಂದ ಹಾಗೆ ನೆನಪಿಲ್ಲ. ಬಸ್ ನಂಬರುಗಳನ್ನು ಓದುತ್ತ ಕುಳಿತಿದ್ದೆ.

ಅಪ್ಪನಿಗೆ ಹೇಳಿದಾಗ ಅವರು ಪಂಚಾಂಗ ನೋಡುತ್ತಿದ್ದರು. ಅದನ್ನು ಮುಚ್ಚಲಿಲ್ಲ.

"ಆರು ತಿಂಗಳು ಅಂದಾರೇನು?"

"ಹೌದು."

"ಆಮ್ಯಾಲ ಏನೂ ಇರೂದಿಲ್ಲ?"

"ಬೆರಳು ಹಿಂಗ ಉಳೀಬಹುದು."

"ಬೆರಳಿಗೆ ಚೆಂಡು ಬಡೀತು. ಅಷ್ಟ. ಗುಂಡೂರಾಯರಿಗೆ ಹೇಳೂ ಕೆಲಸ ಇಲ್ಲ. ಮನಿ ಮಾತು ಹೊಸಲಿ ದಾಟಬಾರದು."

ಸುಳ್ಳು ಹೇಳಿದ್ದಕ್ಕೆ ನನ್ನನ್ನು ಚಿಕ್ಕಂದಿನಲ್ಲಿ ಬಿಸಿಲಲ್ಲಿ ನಿಲ್ಲಿಸಿದವರು ಅವರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಎಲೆಯನ್ನು ಅವ್ವ ಒಂದು ಮಾರು ದೂರ ಹಾಕಿದ್ದಳು. ಅಪ್ಪ ಎದ್ದು, ತಮ್ಮ ಎಲೆ ತಂದು ನನ್ನ ಪಕ್ಕದಲ್ಲಿ ಹಾಕಿಕೊಂಡು ಕುಳಿತರು. ಸುಳ್ಳು ಹೇಳು ಎಂದವರೂ ಅವರೇ, ಹಾಗೆ ಬಂದು ಕುಳಿತವರೂ ಅವರೇ. ಅವ್ವ ಮರುದಿನದಿಂದ ಎಲೆ ದೂರ ಹಾಕಲಿಲ್ಲ. ಅಪ್ಪ ಅವ್ವ ಇಬ್ಬರನ್ನೂ ಡಾಕ್ಟರು ಪರೀಕ್ಷೆ ಮಾಡಿದರು. ಯಾರಿಗೂ ಏನೂ ಇರಲಿಲ್ಲ.

ಗುಳಿಗೆಯನ್ನು ಶಹಾಬಾದಿನಲ್ಲೇ ಕೊಡುತ್ತಿದ್ದರು. ಅಲ್ಲಿ ಎಲ್ಲರೂ ಗುರುತಿನವರು ಎಂದು ನಾನು ಸೇಡಂನ ಸರ್ಕಾರಿ ದವಾಖಾನೆಗೆ ಹೆಸರು ಹಚ್ಚಿಸಿಕೊಂಡೆ. ತಿಂಗಳಿಗೊಮ್ಮೆ, ಮ್ಯಾಚ್ ನೋಡಲು ಹೋಗುತ್ತೇನೆಂದು ಹೇಳಿ ರೈಲು ಹತ್ತುತ್ತಿದ್ದೆ. ಹಿಂದಿನ ಓಣಿಯ ಕಡೆ ಒಂದು ಕೋಣೆ, ಹೊರಗೆ ಒಂದು ಬೆಂಚು. ಬೆಂಚಿನ ಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎರಡನೆಯ ತಿಂಗಳು ಚಿಂಚೋಳಿ ಕಡೆಯ ಒಬ್ಬ ಮುದುಕ ಪಕ್ಕದಲ್ಲಿ ಕುಳಿತ. ಸುಲೇಪೇಟದಿಂದ ಬಸ್ಸು ಹಿಡಿದು ಬಂದಿದ್ದನಂತೆ.

"ನಿಂದು ಎಷ್ಟನೇ ತಿಂಗಳೋ ತಮ್ಮಾ?" ಎಂದ. ಬಸುರಿಯನ್ನು ಕೇಳುವ ಹಾಗೆ ಕೇಳಿದ.

"ಎರಡು."

"ನಂದು ಐದು. ಇವತ್ತಿನ ಗುಳಿಗಿ ನುಂಗಿದ ಮ್ಯಾಲ ಉಚ್ಚಿ ಕೆಂಪಗಾಗ್ತದ, ಅಂಜಬ್ಯಾಡ. ನಾ ಮೊದಲ್ನೇ ಸಲ ಸತ್ತೇ ಹೋದೆ ಅಂತ ಹೊಲ್ದಾಗ ಕುಂತು ಅತ್ತೀನಿ."

ನಾನೂ ಮೊದಲ ತಿಂಗಳು ಅದನ್ನು ಕಂಡು ವಾಡಿ ಸ್ಟೇಷನ್ನಿನ ಪಾಯಖಾನೆಯಲ್ಲಿ ಗೋಡೆ ಹಿಡಿದು ನಿಂತಿದ್ದೆ. ಅದನ್ನು ಅವನಿಗೆ ಹೇಳಿದೆ. ಮುದುಕ ಕೆಮ್ಮು ಬರುವಷ್ಟು ನಕ್ಕ. ರೋಗ ಬಂದ ಮೇಲೆ ನಾನು ಅದರ ಬಗ್ಗೆ ಬೇರೆಯವರೊಡನೆ ಆಡಿದ ಮೊದಲ ಮಾತು ಅದು. ಅವನ ಹೆಸರು ಕೇಳಲಿಲ್ಲ. ಆದರೆ ಅವನಿಗೆ ಹೇಳಲು ಸಾಧ್ಯವಾದದ್ದು ನಾನು ಮದುವೆಯಾಗಲಿರುವವಳಿಗೆ ಯಾಕೆ ಸಾಧ್ಯವಿಲ್ಲ ಎಂದು ಆ ಬೆಂಚಿನ ಮೇಲೆ ಅನ್ನಿಸಿತು. ಸೇಡಂನಿಂದ ತಿರುಗಿ ಬರುವ ರೈಲು ಚಿತ್ತಾಪುರದಲ್ಲಿ ನಿಲ್ಲುತ್ತದೆ. ಇಳಿದೆ.

ಇಂದಿರಾ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು. ಮಕ್ಕಳು ಹೋಗಿದ್ದರು. ಅವಳು ವರಾಂಡದಲ್ಲಿ ಕುಳಿತು ಕೆಂಪು ಪೆನ್ನಿನಿಂದ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದಳು. ಕನ್ಯಾ ನೋಡಲು ಹೋದ ದಿನ ಬಿಟ್ಟರೆ ಅವಳ ಜೊತೆ ಮಾತಾಡಿದ್ದೇ ಇಲ್ಲ. ನಿಂತೇ ಹೇಳಿದೆ. ರೋಗದ ಹೆಸರನ್ನು ಮೊದಲೇ ಹೇಳಿಬಿಟ್ಟೆ, ಆಮೇಲೆ ಧೈರ್ಯ ಉಳಿಯುವುದಿಲ್ಲವೆಂದು.

ಅವಳು ಪೆನ್ನು ಕೆಳಗಿಡಲಿಲ್ಲ.

"ಕುಂದ್ರಿ" ಎಂದಳು. ಕುಳಿತ ಮೇಲೆ ಕೇಳಿದಳು, "ಹಂಗಂದ್ರ ಅವತ್ತು ಮುದ್ರಿ ಹಾಕಿದಾಗ ನಿಮಗ ಖರೇನ ತಿಳೀಲಿಲ್ಲೇನ್ರಿ?"

"ಇಲ್ಲ."

"ನಮ್ಮಪ್ಪ ಊಟಕ್ಕ ಕೂತಾಗೊಮ್ಮೆ ಅದನ್ನ ಹೇಳ್ತಾರ. ಅಲುಗಲಿಲ್ಲ, ಅಲುಗಲಿಲ್ಲ ಅಂತ. ಸಾರು ಬಡಿಸ್ಲಿಕ್ಕೆ ಬಿಡೂದಿಲ್ಲ." ಹೇಳುತ್ತ ಹೇಳುತ್ತ ಅವಳಿಗೆ ನಗು ಬಂದುಬಿಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ನಿಂತ ಮೇಲೆ ನೋಟ್‌ಬುಕ್ಕುಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಕೈ ಕೊಡ್ರಿ" ಎಂದಳು.

ಕೊಟ್ಟೆ. ಪೆನ್ನಿನ ತುದಿಯಿಂದ ಕಿರುಬೆರಳಿಗೆ ಚುಚ್ಚಿದಳು.

"ತಿಳೀತದೇನು?"

"ಇಲ್ಲ."

"ಇದು?"

"ಇಲ್ಲ."

"ಇದು?"

"ಹಾಯ್!"

ಅದು ನಡುಬೆರಳು. ಜೋರಾಗಿಯೇ ಚುಚ್ಚಿದ್ದಳು. ಕೆಂಪು ಚುಕ್ಕೆ ಮೂಡಿತ್ತು, ಶಾಯಿಯೋ ರಕ್ತವೋ ತಿಳಿಯಲಿಲ್ಲ.

"ಎರಡ ಬೆರಳು ಅಂದ್ರ. ಎಂಟು ಅದಾವಲ್ಲ" ಎಂದಳು. ನೋಟ್‌ಬುಕ್ಕುಗಳನ್ನು ಜೋಡಿಸಿ ಎದ್ದಳು. "ನೀವು ಬಂದು ಹೇಳಿದ್ರಿ, ಭಾಳ ಆತು. ನಮ್ಮಪ್ಪಗ ನೀವು ಹೇಳಬ್ಯಾಡ್ರಿ. ನಾ ಹೇಳ್ತೀನಿ, ಹೊತ್ತು ನೋಡಿ."

ಆ ಹೊತ್ತು ಬರಲಿಲ್ಲ.

ನರದ ಬಾವು ಇಳಿಯಲೆಂದು ಕೊಟ್ಟ ಬೇರೆ ಗುಳಿಗೆಯಿಂದ ನನ್ನ ಮುಖ ಊದಿಕೊಂಡಿತ್ತು. ಮದುವೆಯಲ್ಲಿ ಬಂದವರೆಲ್ಲ "ಮದಿವಿ ಕಳಿ ಬಂದದ ನೋಡ್ರಿ" ಎಂದು ಅವ್ವನಿಗೆ ಹೇಳಿದರು. ಅವ್ವ ಹೂಂ ಎಂದಳು. ಮಾವನವರು ಮದುವೆಗೆ ಬಂದ ಪ್ರತಿಯೊಬ್ಬರ ಮುಂದೂ ನನ್ನ ತೋಳಿನ ಕಥೆ ಹೇಳಿದರು. ಇಂದಿರಾ ತಲೆ ತಗ್ಗಿಸಿ ಕುಳಿತಿದ್ದಳು. ಅದನ್ನು ನಾಚಿಕೆ ಎಂದುಕೊಂಡರು.

ತಂಡ ಬಿಟ್ಟದ್ದು ಅದೇ ಚಳಿಗಾಲ. ಎರಡು ಸಂಜೆ ಆಡಿ ನೋಡಿದೆ. ಚೆಂಡು ಎಡಗೈಯಿಂದ ಬಿಡುವುದು ನನಗೆ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೋಡಿ ಬಿಡಬೇಕಾಗಿತ್ತು. ಆದರೆ ಲಿಫ್ಟರ್ ಚೆಂಡನ್ನು ನೋಡುತ್ತ ನಿಲ್ಲುವ ಹಾಗಿಲ್ಲ. ಅವನು ಎದುರಿನ ಬ್ಲಾಕ್ ನೋಡಬೇಕು, ತನ್ನ ಶೂಟರ್ ಎಲ್ಲಿದ್ದಾನೆ ನೋಡಬೇಕು. ಚೆಂಡನ್ನು ಬೆರಳೇ ನೋಡಿಕೊಳ್ಳಬೇಕು. ಬೆರಳು ಮುರಿದು ತಪ್ಪಾಗಿ ಕೂಡಿದೆ ಎಂದು ಖಾಜಾನಿಗೆ ಹೇಳಿದೆ.

"ಹಿಂದ ನಿಂತು ಆಡು. ಪಾಸ್ ಕೊಡು. ಲಿಫ್ಟ್ ಬ್ಯಾರೆಯವ್ರು ಮಾಡ್ತಾರ" ಎಂದ.

"ಆಗೂದಿಲ್ಲ ಖಾಜಾ."

"ಹನ್ನೊಂದು ವರ್ಷ ನಿನ್ನ ಚೆಂಡು ಹೊಡದೀನಿ ಆಚಾರಿ. ಈಗ ಯಾರ್ದು ಹೊಡೀಲಿ?"

ಅವನು ಚೆಂಡನ್ನು ನೆಲಕ್ಕೆ ಒಮ್ಮೆ ಬಡಿದು ಹೋದ. ಆರು ತಿಂಗಳು ಮಾತು ಬಿಟ್ಟಿದ್ದ. ನಾನು ರೆಫ್ರಿ ಪರೀಕ್ಷೆ ಕಟ್ಟಿ ಪಾಸಾಗಿ, ಸೀಟಿ ಹಿಡಿದು ಮೈದಾನಕ್ಕೆ ಬಂದ ದಿನ ತಾನಾಗಿಯೇ ಬಂದು, "ನನಗ ಫೌಲ್ ಕೊಟ್ಟಿ ಅಂದ್ರ ಸ್ಟ್ಯಾಂಡಿನ ಮ್ಯಾಲಿಂದ ಕೆಳಗ ಇಳಿಸ್ತೀನಿ ನೋಡು" ಎಂದ. ಅವನಿಗೆ ನಿಜ ಗೊತ್ತಾಗುವುದು ಇದನ್ನು ಓದಿದಾಗಲೇ.

ಡಬಲ್ ಎಂಬುದನ್ನು ನಾನು ಈಗ ಸದ್ದಿನಿಂದಲೇ ಗುರುತಿಸುತ್ತೇನೆ. ಸರಿಯಾದ ಲಿಫ್ಟಿಗೆ ಸದ್ದೇ ಇರುವುದಿಲ್ಲ.

ಗುಳಿಗೆ ಮುಗಿದವು. ವಾಸಿಯಾಗಿದೆ ಎಂದು ಬರೆದುಕೊಟ್ಟರು. ಮಚ್ಚೆಯ ಬಣ್ಣ ತಿರುಗಿ ಬಂತು. ಎರಡು ಬೆರಳು ಮಾತ್ರ ಹಾಗೇ ಉಳಿದವು, ಕಿರುಬೆರಳು ತುಸು ಒಳಗೆ ಬಾಗಿತು. ಇಂಥ ಕೈಯಿರುವವರಿಗೆ ನಾನು ಹೇಳಬಹುದಾದದ್ದು ಒಂದೇ: ಅದನ್ನು ದಿನವೂ ಕಣ್ಣಿನಿಂದ ನೋಡಬೇಕು. ಗಾಯವಾದರೆ, ಸುಟ್ಟರೆ ಅದು ನಿಮಗೆ ಹೇಳುವುದಿಲ್ಲ. ನನ್ನದನ್ನು ಇಂದಿರಾ ನೋಡುತ್ತಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ, ಶಾಲೆಯಲ್ಲಿ ಮಕ್ಕಳ ಉಗುರು ನೋಡುವ ಹಾಗೆ, "ತೋರಸ್ರಿ" ಎನ್ನುತ್ತಿದ್ದಳು. ಹಿಂದೆ ಮುಂದೆ ಮಾಡಿ ನೋಡಿ, ಎಣ್ಣೆ ಹಚ್ಚಿ, "ಪಾಸ್" ಎಂದು ಬಿಡುತ್ತಿದ್ದಳು. ಗಾಯವಿದ್ದರೆ "ನಪಾಸ್". ನಮಗೆ ಮಕ್ಕಳಾಗಲಿಲ್ಲ. ಅದಕ್ಕೂ ಆ ಗುಳಿಗೆಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಆ ಮಾತನ್ನು ಎರಡನೆಯ ಸಲ ಎತ್ತಲಿಲ್ಲ.

ಮಾವನವರಿಗೆ ಹೇಳಿದೆಯಾ ಎಂದು ನಾನು ಆಗಾಗ ಕೇಳುತ್ತಿದ್ದೆ. "ಈ ಸಲ ಊರಿಗೆ ಹೋದಾಗ" ಎನ್ನುತ್ತಿದ್ದಳು. ಹೋಗಿ ಬಂದ ಮೇಲೆ, "ಅಪ್ಪ ಮತ್ತ ಅದನ್ನ ಯಾರಿಗೋ ಹೇಳ್ಲಿಕತ್ತಿದ್ರು. ನಡು ಬಾಯಿ ಹಾಕ್ಲಿಕ್ಕೆ ಮನಸಾಗಲಿಲ್ಲ" ಎನ್ನುತ್ತಿದ್ದಳು.

ಒಂಬತ್ತನೆಯ ವರ್ಷ ಅವಳಿಗೆ ಕಾಮಣಿ ಆಯಿತು. ಅವಳ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ಹಾಲು ಹಾಕುವ ಹೆಂಗಸು. ನಾನಲ್ಲ. ದಿನವೂ ನನ್ನ ಕೈಯನ್ನು ನೋಡುತ್ತಿದ್ದವಳ ಕಣ್ಣನ್ನು ನಾನು ನೋಡಿರಲಿಲ್ಲ. ಗುಲ್ಬರ್ಗದಲ್ಲಿ ಹನ್ನೊಂದು ದಿನ ಇದ್ದೆವು. ಡಾಕ್ಟರುಗಳು ಮಾಡುವಷ್ಟು ಮಾಡಿದರು. ಏಳನೆಯ ದಿನದಿಂದ ಅವಳು ಮಾತಾಡಲಿಲ್ಲ. ಅದಕ್ಕಿಂತ ಮೊದಲು, ಆರನೆಯ ದಿನ, ಹಾಸಿಗೆಯಿಂದಲೇ "ತೋರಸ್ರಿ" ಎಂದಳು. ಕೈ ಮುಂದೆ ಮಾಡಿದೆ. ಅವಳಿಗೆ ಅದು ಸರಿಯಾಗಿ ಕಾಣಿಸಿತೋ ಇಲ್ಲವೋ. ಏನೂ ಹೇಳದೆ ಕಣ್ಣು ಮುಚ್ಚಿದಳು.

ಜನ ನನ್ನನ್ನು ನೋಡಿ, ದುಃಖದಿಂದ ಮರಗಟ್ಟಿದ್ದಾನೆ ಎಂದರು. ಮರಗಟ್ಟುವುದು ಏನೆಂದು ನನಗೆ ಗೊತ್ತಿದೆ. ಮರಗಟ್ಟಿದ ಜಾಗ ಇದೆ ಎಂದೇ ತಿಳಿಯುವುದಿಲ್ಲ. ಇದು ಇದೆ ಎಂದು ಬೆಳಗಿನಿಂದ ಸಂಜೆಯವರೆಗೆ ತಿಳಿಯುತ್ತದೆ. ಅಳು ಬರುವುದಿಲ್ಲ, ಅಷ್ಟೇ.

ಬೆಂಕಿಯ ಗಡಿಗೆ ಹಿಡಿದು ಮುಂದೆ ನಡೆದವನು ನಾನು. ದಾರಿಯಲ್ಲಿ ಅದರ ಕಟ್ಟು ಸಡಿಲವಾಯಿತು. ಬೀಳಬಾರದೆಂದು ಎಡಗೈಯನ್ನು ಅಡಿಗೆ ಕೊಟ್ಟು ಹಿಡಿದೆ. ನದಿಯ ದಂಡೆಯವರೆಗೆ ಹಾಗೇ ಹೋದೆ. ಆಮೇಲಿನ ಹನ್ನೆರಡು ದಿನ ಆ ಕೈಯನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಹದಿಮೂರನೆಯ ದಿನ ಊಟವಾಗಿ ಜನ ಎದ್ದು ಹೋದ ಮೇಲೆ ಮಾವನವರು ಮತ್ತು ನಾನು ಕಟ್ಟೆಯ ಮೇಲೆ ಕುಳಿತಿದ್ದೆವು. ಬಿಸಿಲು ಇಳಿದಿರಲಿಲ್ಲ. ಅವರು ನನಗೆ ಎಲೆ ಅಡಿಕೆ ಕೊಡಲೆಂದು ಕೈ ಚಾಚಿದರು, ನಾನು ಎಡಗೈ ಊರಿ ಅವರ ಕಡೆ ವಾಲಿದೆ. ಅವರು ನೋಡಿದರು.

"ಇದೇನ್ರಿ ಇದು? ಬೆರಳು ಸುಟ್ಟಾವ."

ನೋಡಿದೆ. ಕಿರುಬೆರಳಿನ ಮಗ್ಗುಲು ಪೂರಾ ಚರ್ಮ ಎದ್ದು, ಒಳಗೆ ಹಸಿಯಾಗಿತ್ತು.

"ಗಡಿಗಿ ಹಿಡಿದಾಗ ಆಗಿರಬೇಕ್ರಿ."

"ಹನ್ನೆರಡು ದಿನ ಆತು. ತಿಳೀಲಿಲ್ಲೇನು?"

"ಇಲ್ರಿ."

ಅವರ ಕಣ್ಣು ತುಂಬಿ ಬಂದವು. "ಹೆಂಗ ತಿಳೀಬೇಕು? ಅಕಿ ಮ್ಯಾಲ ಅಷ್ಟು ಜೀವ ನಿಮ್ಮದು. ಅವತ್ತು ಮಠದಾಗ ಅಲುಗಲಿಲ್ಲ, ಇವತ್ತೂ ಅಲುಗಲಿಲ್ಲ. ನಾ ಸರಿಯಾದವರ ಕೈಯಾಗ ಕೊಟ್ಟೆ" ಎಂದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವರಿಗೆ ಎಪ್ಪತ್ತು ದಾಟಿತ್ತು. ಆ ನಂಬಿಕೆ ಅವರಿಗೆ ಸಮಾಧಾನ ಕೊಡುತ್ತಿತ್ತು. ಆದರೆ ಅವರು ಅಳುತ್ತಿದ್ದದ್ದು ಇಲ್ಲದ ಒಬ್ಬನನ್ನು ನೋಡಿ. ಮಗಳು ಹೋಗಿದ್ದಳು, ಅಳಿಯನಾದರೂ ನಿಜವಾಗಿ ಇರುವವನಾಗಿರಲಿ ಎನ್ನಿಸಿತು.

"ಮಾವನವರ, ಅವತ್ತೂ ಅದು ಭಕ್ತಿ ಅಲ್ರಿ" ಎಂದೆ.

ಎಲ್ಲ ಹೇಳಿದೆ. ಮಚ್ಚೆ, ಗುಲ್ಬರ್ಗದ ಡಾಕ್ಟರು, ಸೇಡಂನ ಬೆಂಚು. ನನ್ನ ಅಪ್ಪ ಹೇಳಬೇಡ ಎಂದದ್ದನ್ನೂ ಹೇಳಿದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಮಾವನವರು ನನ್ನ ಕಡೆ ನೋಡುತ್ತಿರಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದರು. ಎಲೆಯ ಮೇಲೆ ಹಚ್ಚಿದ ಸುಣ್ಣ ಒಣಗಿ ಬಿರುಕು ಬಿಟ್ಟಿತು.

"ಇಂದೂಗ ಗೊತ್ತಿತ್ತೇನು?" ಎಂದರು ಕೊನೆಗೆ.

"ಗೊತ್ತಿತ್ರಿ."

"ಮದಿವಿ ಆದ ಮ್ಯಾಲೇನು?"

"ಮೊದಲ ರಿ. ನಾನ ಹೋಗಿ ಹೇಳಿದ್ದೆ. ಅಕಿ ಸಾಲಿಗೆ."

"ನನ್ನ ಮುಂದ ಹೇಳಲಿಲ್ಲ ಅಕಿ." ಅವರ ದನಿಯಲ್ಲಿ ನನ್ನ ಮೇಲಿನ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಸಣ್ಣಾಕಿ ಇದ್ದಾಗಿಂದ ಸಾಲ್ಯಾಗ ಏನಾತು, ಯಾರು ಏನಂದ್ರು, ಎಲ್ಲಾ ನನ್ನ ಮುಂದ ಬಂದು ಹೇಳ್ತಿದ್ಲು."

"ಹೊತ್ತು ನೋಡಿ ಹೇಳ್ತೀನಿ ಅಂದಿದ್ಲರಿ."

"ನಾ ಬ್ಯಾಡಂತಿದ್ದೆ. ಆ ಮನಿ ಬ್ಯಾಡ ಅಂತಿದ್ದೆ" ಎಂದರು. ಆಮೇಲೆ, "ಅದು ಅಕಿಗೆ ಗೊತ್ತಿತ್ತು" ಎಂದರು.

ಎದ್ದು ಹೋಗುತ್ತಾರೆ ಎಂದುಕೊಂಡೆ. ಚಿತ್ತಾಪುರದ ರೈಲಿಗೆ ಇನ್ನೂ ಹೊತ್ತಿತ್ತು. ಅವರು ಮೇಲುಹೊದಿಕೆಯಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ ಕುಳಿತರು.

"ಏನಂದ್ಲು? ನೀವು ಹೋಗಿ ಹೇಳಿದಾಗ?"

ಹೇಳಿದೆ. ಕೆಂಪು ಪೆನ್ನಿನಿಂದ ಚುಚ್ಚಿದ್ದನ್ನು ಹೇಳಿದೆ. ಎಂಟು ಅದಾವಲ್ಲ ಎಂದದ್ದನ್ನು ಹೇಳಿದೆ. ನಡುವೆ ಒಂದು ಮಾತು ಬಿಟ್ಟಿದ್ದೆ, ಅವರಿಗೆ ತಿಳಿಯಿತು.

"ಮುದ್ರಿ ಸುದ್ದಿ ತಗೀಲಿಲ್ಲೇನು?"

"ತಗದಳ್ರಿ. ನಮ್ಮಪ್ಪ ಊಟಕ್ಕ ಕೂತಾಗೊಮ್ಮೆ ಅದನ್ನ ಹೇಳ್ತಾರ, ಸಾರು ಬಡಿಸ್ಲಿಕ್ಕೆ ಬಿಡೂದಿಲ್ಲ ಅಂದ್ಲು."

"ನಕ್ಕಳೇನು?"

"ನಕ್ಕಳ್ರಿ. ಸೆರಗು ಬಾಯಿಗೆ ಹಿಡಕೊಂಡ್ಲು."

"ಯಾವ ಸೀರಿ ಉಟ್ಟಿದ್ಲು?"

ನನಗೆ ನೆನಪಿರಲಿಲ್ಲ. ಒಂದು ಬಣ್ಣ ಹೇಳಬಹುದಿತ್ತು. "ನೆನಪಿಲ್ರಿ" ಎಂದೆ.

"ಹಸರು ಇರಬೇಕು" ಎಂದರು ಅವರು. "ಆ ವರ್ಷ ಸಾಲಿಗೆ ಟೀಚರ್ರೆಲ್ಲ ಹಸರು ಉಡ್ತಿದ್ರು." ಆಮೇಲೆ ಕಾಲು ಮಡಚಿ ಸರಿಯಾಗಿ ಕುಳಿತು, "ಮೊದಲಿಂದ ಹೇಳ್ರಿ" ಎಂದರು. "ನೀವು ವರಾಂಡಕ್ಕ ಹೋದಾಗ ಅಕಿ ಏನ್ ಮಾಡ್ಲಿಕತ್ತಿದ್ಲು?"